ವೆಂಕಟರಾಯಪ್ಪನ ಮೂಗಿಗೆ ಭಾಗ್ಯಮ್ಮನ ಹರಕೆ

ಭಾಗ್ಯಮ್ಮ ಓದಿದ್ದು ಮೂರನೇ ಕ್ಲಾಸು. ಅಲ್ಲಿ ಮೇಷ್ಟ್ರು ಕೋಲು ಮುರಿಯುವಷ್ಟು ಹೊಡೆದರೂ ಇಪ್ಪತ್ತರ ಮೇಲೆ ಎಣಿಸಲು ಬಾರದಿದ್ದವಳು, ಮುಂದಿನದನ್ನು ತಪ್ಪಿಲ್ಲದೆ ಕಲಿತದ್ದು ಮದುವೆಯಾಗಿ ಹತ್ತೊಂಬತ್ತು ವರ್ಷದ ಮೇಲೆ, ಗಂಡನ ಪಕ್ಕದಲ್ಲಿ ಮಲಗಿಕೊಂಡು. ಗಂಡ ವೆಂಕಟರಾಯಪ್ಪ ಗೊರಕೆ ಹೊಡೆಯುತ್ತಿದ್ದ. ಹೊಡೆಯುತ್ತಾ ಹೊಡೆಯುತ್ತಾ ಗಕ್ಕನೆ ನಿಲ್ಲಿಸುತ್ತಿದ್ದ. ಗೊರಕೆಯ ಜೊತೆಗೆ ಉಸಿರೂ ನಿಲ್ಲುತ್ತಿತ್ತು. ಆಗ ಭಾಗ್ಯಮ್ಮ ಒಂದು, ಎರಡು, ಮೂರು ಎಂದು ಶುರುಮಾಡುತ್ತಿದ್ದಳು. ಮೊದಮೊದಲು ಹನ್ನೆರಡಕ್ಕೆ ಉಸಿರು ಮರಳುತ್ತಿತ್ತು. ವರ್ಷ ಕಳೆದಂತೆ ಇಪ್ಪತ್ತಾಯಿತು, ಮೂವತ್ತಾಯಿತು. ನಲವತ್ತಕ್ಕೆ ಏರಿದ ವರ್ಷ ಅವಳು ಮಗಳು ಕೀರ್ತನಳ ಹತ್ತಿರ ಐವತ್ತರಿಂದ ನೂರರವರೆಗೆ ಹೇಳಿಸಿಕೊಂಡು ಬಾಯಿಪಾಠ ಮಾಡಿದಳು, ಬೇಕಾಗಬಹುದೆಂದು.

ವಿಜಯಪುರಕ್ಕೆ ಮೂರು ಮೈಲಿ ಈಚೆಗೆ, ಕೋಡಿಪುರದಲ್ಲಿ ಅವರ ಮನೆ. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಮಿಷನ್ನು ಓಡುತ್ತದೆ. ಹೊಸಬರು ಬಂದರೆ ಆ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾರೆ. ಆದರೆ ವೆಂಕಟರಾಯಪ್ಪ ಮಲಗಿದ ಹೊತ್ತಿನಲ್ಲಿ ಬಂದವರಿಗೆ ಮಿಷನ್ನು ಓಡುತ್ತಿದೆಯೋ ನಿಂತಿದೆಯೋ ತಿಳಿಯಬೇಕಾದರೆ ಎದ್ದು ಹೋಗಿ ಕಣ್ಣಿಂದ ನೋಡಬೇಕಿತ್ತು. ದೇವನಹಳ್ಳಿ ಕಡೆಗೆ ಇಳಿಯುವ ವಿಮಾನಗಳು ಊರ ಮೇಲೆಯೇ ಹಾದುಹೋಗುತ್ತವೆ. ಒಮ್ಮೆ ನೆಂಟರೊಬ್ಬರು ಮಧ್ಯಾಹ್ನದ ಜೊಂಪಿನಿಂದ ಎದ್ದು, ವಿಮಾನ ಹಿತ್ತಲಲ್ಲೇ ಇಳಿಯಿತೆಂದು ಚೀಲ ಎತ್ತಿಕೊಂಡು ರಸ್ತೆಗೆ ಓಡಿ, ಸಿಕ್ಕಿದ ಬಸ್ಸು ಹತ್ತಿ ನೆಲಮಂಗಲದಲ್ಲಿ ಇಳಿದಿದ್ದರು. ಶೆಡ್ಡಿನ ಶೀಟುಗಳ ಬೋಲ್ಟುಗಳು ಆರು ತಿಂಗಳಿಗೊಮ್ಮೆ ಸಡಿಲವಾಗುತ್ತಿದ್ದವು. ಬಿಗಿಮಾಡಲು ಬರುವ ಅನೀಸ್ ಅಹಮದ್ ಅದನ್ನು ಗಾಳಿಯ ತಲೆಗೂ ಕಟ್ಟುತ್ತಿರಲಿಲ್ಲ, ಮಳೆಯ ತಲೆಗೂ ಕಟ್ಟುತ್ತಿರಲಿಲ್ಲ. "ಅಣ್ಣ ಚೆನ್ನಾಗಿ ನಿದ್ದೆ ಮಾಡ್ತಾವ್ರೆ" ಎಂದು ಸ್ಪ್ಯಾನರ್ ತೆಗೆಯುತ್ತಿದ್ದ.

ಆದರೆ ಅಣ್ಣ ಚೆನ್ನಾಗಿ ನಿದ್ದೆ ಮಾಡುತ್ತಿರಲಿಲ್ಲ, ತಾಪತ್ರಯ ಇದ್ದದ್ದೇ ಅಲ್ಲಿ. ರಾತ್ರಿಯೆಲ್ಲ ಮಲಗಿ ಎದ್ದವನು ಬೆಳಿಗ್ಗೆ ಹತ್ತು ಮೂಟೆ ಗೊಬ್ಬರ ಹೊತ್ತು ಬಂದವನ ಹಾಗೆ ಕಾಣುತ್ತಿದ್ದ. ಹಲ್ಲುಜ್ಜುತ್ತಲೇ ತೂಕಡಿಸುತ್ತಿದ್ದ. ಶೆಡ್ಡಿನಲ್ಲಿ ಕಡಿದ ಎಳೆಗೆ ಗಂಟು ಹಾಕಲು ಬಗ್ಗಿದವನು ಬಗ್ಗಿದಂತೆಯೇ ಇರುತ್ತಿದ್ದ. ಒಂದು ತಿಥಿಯ ಊಟದಲ್ಲಿ ಮುದ್ದೆಯ ತುತ್ತನ್ನು ಸಾರಿಗೆ ಅದ್ದಿ ಬಾಯಿಯ ಹತ್ತಿರ ತಂದು ಅಲ್ಲೇ ನಿದ್ದೆ ಹೋದ. ಪಂಕ್ತಿ ಎದ್ದು, ಎಲೆ ತೆಗೆದು, ಎರಡನೇ ಪಂಕ್ತಿ ಕೂತು ಪಾಯಸಕ್ಕೆ ಬಂದರೂ ತುತ್ತು ಅಲ್ಲೇ ಇತ್ತು. ಬಡಿಸುವವರು ಎರಡೂ ಪಂಕ್ತಿಯಲ್ಲಿ ಅವನ ಎಲೆಗೆ ಬಡಿಸಿ, ಯಜಮಾನರು ನಿಧಾನವಾಗಿ ಊಟ ಮಾಡುವವರು ಎಂದುಕೊಂಡರು.

ಹೀಗಿರುವಾಗ ದೀಪಾವಳಿ ಕಳೆದು ಎಂಟು ದಿನಕ್ಕೆ, ವಿಜಯಪುರದಿಂದ ನೂಲು ಕಟ್ಟಿಕೊಂಡು ಟಿವಿಎಸ್ಸಿನಲ್ಲಿ ಬರುತ್ತಿದ್ದವನು ದಾರಿಯಲ್ಲಿ ನಿದ್ದೆ ಹೋದ. ಗಾಡಿ ಅಭ್ಯಾಸಬಲದಿಂದ ಎರಡು ತಿರುವು ಸರಿಯಾಗಿ ತಿರುಗಿತು; ಮೂರನೆಯದು ಮರೆತು ಹಿಪ್ಪುನೇರಳೆ ತೋಟಕ್ಕೆ ನುಗ್ಗಿತು. ಜನ ಕೂಗಿಕೊಂಡು ಬಂದಾಗ ಸೊಪ್ಪಿನ ನಡುವೆ ಅಂಗಾತ ಬಿದ್ದಿದ್ದ. ಸತ್ತನೆಂದು ಒಬ್ಬರು ಚಪ್ಪಲಿ ಬಿಟ್ಟು ಹತ್ತಿರ ಹೋದರು. ಅಷ್ಟರಲ್ಲಿ ಗೊರಕೆ ಶುರುವಾಗಿ ಮತ್ತೆ ಚಪ್ಪಲಿ ಹಾಕಿಕೊಂಡರು.

ಊರೆಲ್ಲ ನಕ್ಕಿತು. ಭಾಗ್ಯಮ್ಮನೂ ನಕ್ಕಳು, ನಕ್ಕು ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಅವಳಿಗಿದ್ದ ಭಯ ಒಂದೇ. ಎಣಿಕೆ ನೂರಕ್ಕೆ ಮುಗಿಯುತ್ತದೆ. ಉಸಿರು ಅಷ್ಟರೊಳಗೆ ಬರಬೇಕೆಂದು ಯಾರೂ ಬರೆದುಕೊಟ್ಟಿಲ್ಲ.

ಕೀರ್ತನ ಏರ್‌ಪೋರ್ಟಿನ ಹತ್ತಿರದ ಹೋಟೆಲೊಂದರಲ್ಲಿ ಕೆಲಸ ಮಾಡುತ್ತಾಳೆ. ಅವಳು ಅಪ್ಪ ಅಮ್ಮ ಇಬ್ಬರನ್ನೂ ದೇವನಹಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಅಪ್ಪನ ತಲೆಗೆ, ಎದೆಗೆ, ಬೆರಳಿಗೆ ತಂತಿ ಅಂಟಿಸಿ ಒಂದು ರಾತ್ರಿ ಮಲಗಿಸಿ ನೋಡಿದರು. ಪಕ್ಕದ ವಾರ್ಡಿನಿಂದ ಮೂವರು ರೋಗಿಗಳು ಗುಣವಾಯಿತೆಂದು ಹೇಳಿ ಮನೆಗೆ ಹೋದರಂತೆ. ಮಾರನೆಯ ದಿನ ಡಾಕ್ಟರ್ ನಿಶತ್ ಕಾಗದ ಹಿಡಿದುಕೊಂಡು ಮನೆಯ ಮೂವರನ್ನೂ ಕೂರಿಸಿಕೊಂಡಳು.

"ಯಜಮಾನ್ರೇ, ಗಂಟೆಗೆ ಐವತ್ತೆರಡು ಸಲ ನಿಮ್ಮ ಉಸಿರು ನಿಲ್ತಿದೆ. ಇದಕ್ಕೆ ಸ್ಲೀಪ್ ಆಪ್ನಿಯಾ ಅಂತಾರೆ. ಮಲಗಿದಾಗ ಗಂಟಲ ದಾರಿ ಮುಚ್ಕೊಳ್ಳುತ್ತೆ. ಹೀಗೇ ಬಿಟ್ರೆ ಬಿಪಿ ಏರುತ್ತೆ, ಹೃದಯಕ್ಕೆ ತೊಂದರೆ ಆಗುತ್ತೆ, ಪಾರ್ಶ್ವವಾಯು ಹೊಡೀಬಹುದು."

"ಐವತ್ತೆರಡು ಸಲ ನಿಂತಿದ್ದು ಐವತ್ತೆರಡು ಸಲ ಬಂತಲ್ಲಮ್ಮ" ಎಂದ ವೆಂಕಟರಾಯಪ್ಪ. "ಬರದೆ ಇದ್ದಿದ್ರೆ ನಿಮ್ಮತ್ರ ಮಾತಾಡ್ತಿದ್ನಾ?"

ಡಾಕ್ಟರು ಮೇಜಿನ ಮೇಲೆ ಒಂದು ಪೆಟ್ಟಿಗೆ ಇಟ್ಟಳು. ಅದರಿಂದ ಹೊರಟ ಕೊಳವೆ, ಕೊಳವೆಯ ತುದಿಗೆ ಮೂಗಿಗೆ ಕವುಚುವ ರಬ್ಬರಿನ ಬಟ್ಟಲು, ಬಟ್ಟಲಿಗೆ ತಲೆಯ ಹಿಂದೆ ಬಿಗಿಯುವ ಪಟ್ಟಿ. ದಿನಾ ಇದನ್ನು ಹಾಕಿಕೊಂಡು ಮಲಗಬೇಕು, ಇದು ಗಾಳಿ ತಳ್ಳಿ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ ಎಂದಳು.

ವೆಂಕಟರಾಯಪ್ಪ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. ಕಣದಲ್ಲಿ ತೆನೆಗೆ ಬಾಯಿ ಹಾಕದಂತೆ ಎತ್ತಿನ ಮೂತಿಗೆ ಕುಕ್ಕೆ ಕಟ್ಟಿದ ಕೈ ಅದು.

"ಇದು ಕುಕ್ಕೆ. ನನ್ನನ್ನ ಎತ್ತು ಮಾಡ್ತಿದೀರಿ."

"ಅಪ್ಪಾ, ಎಷ್ಟೋ ಜನ ಹಾಕ್ಕೋತಾರೆ" ಎಂದಳು ಕೀರ್ತನ.

"ಹಾಕ್ಕೊಳ್ಳಲಿ. ಉಸಿರು ಕೊಟ್ಟೋಳು ನಮ್ಮೂರ ತಾಯಿ ಕೋಡಮ್ಮ, ನಿಲ್ಸೋಳೂ ಅವಳೇ. ನಡುವೆ ಕರೆಂಟ್ನೋರು ಯಾಕೆ ಬರ್ಬೇಕು? ಅಲ್ಲಮ್ಮ ಡಾಕ್ಟ್ರೇ, ಮಲಗಿದ್ದಾಗ ಪ್ರಾಣ ಹೋಗೋ ಹೊತ್ತು ಬಂತು ಅಂತಿಟ್ಕೊಳಿ. ಕೊನೇ ಗಳಿಗೇಲಿ ಅಮ್ಮನ ಹೆಸರು ಹೇಳೋಕೆ ಬಾಯಿ ಬೇಡ್ವಾ?"

"ಇದು ಮೂಗಿಗೆ ಮಾತ್ರ. ಬಾಯಿ ನಿಮ್ದೇ" ಎಂದಳು ಡಾಕ್ಟರು.

ಅವನು ಬಟ್ಟಲನ್ನು ಮೇಜಿನ ಮೇಲಿಟ್ಟು ದೂರ ತಳ್ಳಿದ. ಆಮೇಲೆ, "ಆಯ್ತು, ಹೂ ಕೇಳ್ತೀನಿ. ಅಮ್ಮ ಕೊಟ್ರೆ ಹಾಕ್ಕೋತೀನಿ" ಎಂದ.

ನಿಶತ್ ನಗಲೂ ಇಲ್ಲ, ಗದರಲೂ ಇಲ್ಲ. "ನಮ್ಮ ಕಡೇನೂ ಕೇಳೋರಿದಾರೆ, ಅವರವರ ರೀತೀಲಿ. ಮೈ ನಿಮ್ದು, ಹಾಕ್ಕೊಳ್ಳೋದು ಬಿಡೋದು ನಿಮ್ಮಿಷ್ಟ. ಕೇಳಿ ಯಜಮಾನ್ರೇ. ಆದ್ರೆ ಬೇಗ ಕೇಳಿ."

ಆ ಮನೆಯಲ್ಲಿ ಏನಾಗಬೇಕಾದರೂ ಕೆರೆಕೋಡಿಯ ಕೋಡಮ್ಮ ಹೂ ಕೊಡಬೇಕು. ಪೂಜಾರಿ ಜವರಪ್ಪ ಅಮ್ಮನ ಭುಜಗಳ ಮೇಲೆ ಎರಡು ಕಡೆಯೂ ಒದ್ದೆ ಕಣಗಿಲೆ ಹೂ ಅಂಟಿಸುತ್ತಾನೆ. ಕೇಳುವವನು ಎದುರಿಗೆ ಕೂತು ಮನಸ್ಸಿನಲ್ಲಿ ಕೇಳಿಕೊಳ್ಳಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಹುರಿ ಮಿಷನ್ನು ತಂದದ್ದು ಬಲಗಡೆಯ ಹೂವಿನಿಂದ. ಬೋರ್‌ವೆಲ್ ಕೊರೆಯದೆ ಬಿಟ್ಟದ್ದು ಎಡಗಡೆಯದರಿಂದ. ಸ್ವತಃ ಭಾಗ್ಯಮ್ಮ ಆ ಮನೆಗೆ ಬಂದದ್ದೂ ಬಲಗಡೆಯ ಹೂವಿನಿಂದಲೇ. ಹೆಣ್ಣು ನೋಡಲು ಬಂದವರು ಅವಳ ಮುಖವನ್ನು ಸರಿಯಾಗಿ ನೋಡಿದ್ದು ಧಾರೆಯ ದಿನ. ಅವಳಿಗೂ ಅಮ್ಮನಲ್ಲಿ ಅನುಮಾನವೆಂಬುದು ಸಾಸಿವೆಯಷ್ಟೂ ಇರಲಿಲ್ಲ. ಹೂ ಬೀಳುವುದು ಎಂದೂ ತಪ್ಪಾಗಿಲ್ಲವೆಂದು ಅವಳು ಯಾರೊಂದಿಗಾದರೂ ವಾದಿಸುತ್ತಿದ್ದಳು, ಗಂಡನ ಮುಖ ನೋಡಿದಾಗ ಮಾತ್ರ ದನಿ ಸ್ವಲ್ಪ ತಗ್ಗುತ್ತಿತ್ತು.

ಕೀರ್ತನ ಹೂವಿಗೆ ಕಾಯದೆ ಯಂತ್ರವನ್ನು ಕೊಂಡು ತಂದಳು. ವೆಂಕಟರಾಯಪ್ಪ ಅದನ್ನು ಮೂಗಿಗೆ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಆದರೆ ಮನೆಗೆ ಬಂದ ಮಿಷನ್ನು ಮಿಷನ್ನೇ. ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು, ನಿಂಬೆಹಣ್ಣು ಕುಯ್ದು, ಕರ್ಪೂರ ಬೆಳಗಿ ಬೀರುವಿನ ಮೇಲೆ ಇಟ್ಟ.

ಮೊದಲ ಮಂಗಳವಾರ ಬೆಳಿಗ್ಗೆ ಮೂವರೂ ದೇವಸ್ಥಾನಕ್ಕೆ ಹೋದರು. ಹೂ ಕೇಳಲು ಬಂದವರು ಇನ್ನೂ ಹತ್ತು ಜನ ಹಿಂದೆ ಕೂತಿದ್ದರು. ಜವರಪ್ಪ ಹೂ ಅಂಟಿಸಿ, ಮಂಗಳಾರತಿ ಮಾಡಿ, "ಕೇಳ್ಕೊಳಿ ರಾಯಪ್ಪಣ್ಣ" ಎಂದು ಪಕ್ಕಕ್ಕೆ ಸರಿದ. ವೆಂಕಟರಾಯಪ್ಪ ಕೈ ಮುಗಿದು, ಕಣ್ಣು ಮುಚ್ಚಿದ.

ಅವನ ಕಣ್ಣಿಗೂ ನಿದ್ದೆಗೂ ನಡುವೆ ಬಾಗಿಲೇ ಇರಲಿಲ್ಲ. ಅಮ್ಮನಿಗೆ ಪ್ರಶ್ನೆ ಪೂರ್ತಿ ತಲುಪಿತೋ ಇಲ್ಲವೋ, ಮುಗಿದ ಕೈಯ ಹಿಂದಿನಿಂದ ಗೊರಕೆ ಎದ್ದಿತು. ಗರ್ಭಗುಡಿಯೋ ಮೂರಾಳು ನಿಲ್ಲುವಷ್ಟು ಚಿಕ್ಕದು, ಕಲ್ಲಿನದು. ಒಳಗೆ ಹೋದ ಸದ್ದು ಹೊರಗೆ ಬರಲಾರದೆ ಅಲ್ಲೇ ಗಿರಕಿ ಹೊಡೆಯಿತು. ದೀಪ ಹೊಯ್ದಾಡಿತು. ಘಂಟೆ ತಾನಾಗಿ ಎರಡು ಸಲ ಕುಟ್ಟಿತು. ಬಲಗಡೆಯ ಹೂ ಬಿತ್ತು. ಭಾಗ್ಯಮ್ಮನಿಗೆ ಹೋದ ಜೀವ ಬಂದಂತಾಗಿ "ತಾಯಿ" ಎನ್ನುವಷ್ಟರಲ್ಲಿ ಎಡಗಡೆಯದೂ ಬಿತ್ತು. ಹಿಂದೆಯೇ ಅಮ್ಮನ ತಲೆಯ ಮೇಲಿನ ಹೂ, ಕೊರಳ ಹಾರ, ಹೋದ ಶುಕ್ರವಾರದ ಒಣಗಿದ ತುಳಸಿ ಎಲ್ಲ ಉದುರಿದವು. ಗೋಡೆಯ ಸುಣ್ಣ ಒಂದು ಅಂಗೈಯಷ್ಟು ಕಳಚಿ ಜವರಪ್ಪನ ತಟ್ಟೆಗೆ ಬಿತ್ತು. ಹಿಂದಿನ ಸಾಲಿನಲ್ಲಿ, ಜಮೀನನ್ನು ಲೇಔಟಿನವರಿಗೆ ಕೊಡಲೋ ಬೇಡವೋ ಎಂದು ಕೇಳಲು ಬಂದಿದ್ದ ಉಮಾಶಂಕರ್ ಮೆಲ್ಲನೆ ಮುಂದೆ ಬಂದು, ಬಲಗಡೆಯ ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡು, "ನಂದೂ ಇದರಲ್ಲೇ ಆಯ್ತು" ಎಂದು ಹೊರಟ.

ಎಚ್ಚರವಾದ ವೆಂಕಟರಾಯಪ್ಪ, "ಕೊಟ್ಳಾ?" ಎಂದ.

"ಬಲಗಡೆ ಮೊದಲು ಬಿತ್ತು ಕಣ್ರೀ" ಎಂದಳು ಭಾಗ್ಯಮ್ಮ.

ಜವರಪ್ಪ ತಟ್ಟೆಗೆ ಬಿದ್ದ ಸುಣ್ಣ ಕೊಡವಿದ. "ಭಾಗ್ಯಕ್ಕ, ಇಲ್ಲಿ ನಿಂತು ನಾನು ಸುಳ್ಳು ಹೇಳಕ್ಕಾಗಲ್ಲ. ಇದು ಅಮ್ಮ ಕೊಟ್ಟ ಹೂವಲ್ಲ. ಅಣ್ಣ ಊದಿ ಬೀಳಿಸಿದ್ದು. ಮುಂದಿನ ಮಂಗಳವಾರ ಎದ್ದಿರೋ ಹಂಗೆ ಕರ್ಕೊಂಡ್ ಬಾ."

ಮುಂದಿನ ಮಂಗಳವಾರಕ್ಕೆ ಭಾಗ್ಯಮ್ಮ ತಯಾರಿ ಮಾಡಿಕೊಂಡಳು. ನಾಲ್ಕು ಲೋಟ ಕಾಫಿ ಕುಡಿಸಿದಳು. ತಲೆಯ ಮೇಲೆ ತಣ್ಣೀರು ಸುರಿದಳು. ಕೀರ್ತನ ಪಕ್ಕದಲ್ಲೇ ಕೂತು, ರೆಪ್ಪೆ ಬಾಗಿದಾಗಲೆಲ್ಲ ತೊಡೆ ಚಿವುಟಿದಳು. ಈ ಸಲ ವೆಂಕಟರಾಯಪ್ಪ ಕಣ್ಣು ಕಣ್ಣು ಬಿಟ್ಟುಕೊಂಡು ಕೂತ. ಹೂ ಬೀಳಲಿಲ್ಲ. ಗಂಟೆಯಾಯಿತು. ಎರಡು ಗಂಟೆಯಾಯಿತು. ಕಣಗಿಲೆ ಹೂಗಳು ಗೋಂದು ಹಚ್ಚಿದಂತೆ ಅಲ್ಲೇ ಕೂತಿದ್ದವು. ಹಿಂದೆ ಕೂತಿದ್ದವರು ಹೋಗಿ ತಿಂಡಿ ತಿಂದು ಬಂದರು. ಎರಡೂವರೆ ಗಂಟೆಯ ಹೊತ್ತಿಗೆ ವೆಂಕಟರಾಯಪ್ಪನ ತೊಡೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಅಮ್ಮ ಯೋಚ್ನೆ ಮಾಡ್ತವ್ಳೆ" ಎಂದ ಜವರಪ್ಪ. "ಹೊಸ ವಸ್ತು ಅಲ್ವಾ, ಅವಳಿಗೂ ತಿಳ್ಕೊಳಕ್ಕೆ ಟೈಮ್ ಬೇಕು. ಹೂ ಬೀಳದೆ ಇದ್ರೆ ಮೂರು ಮಂಗಳವಾರ ಬಿಟ್ಟೇ ಕೇಳ್ಬೇಕು, ಪದ್ಧತಿ."

ಗಂಡ ಹೊರಗೆ ಚಪ್ಪಲಿ ಹುಡುಕುವಾಗ ಜವರಪ್ಪ ಅವಳ ಹತ್ತಿರ ಬಂದು ದನಿ ತಗ್ಗಿಸಿದ. "ಅಕ್ಕ, ನಿನ್ನ ಮುಖ ನೋಡಕ್ಕಾಗ್ತಿಲ್ಲ. ಮುಂದಿನ ಸಲ ಬಲಗಡೆ ಹೂವಿಗೆ ನೀರು ಕಮ್ಮಿ ಹಾಕ್ತೀನಿ. ಬೇಗ ಒಣಗುತ್ತೆ, ಬೀಳುತ್ತೆ. ಯಾರಿಗೂ ಗೊತ್ತಾಗಲ್ಲ."

"ಅವಳಿಗೆ ಗೊತ್ತಾಗುತ್ತಲ್ಲ" ಎಂದು ಭಾಗ್ಯಮ್ಮ ಒಳಗೆ ಕೈ ತೋರಿಸಿದಳು. "ಬೇಡ ಕಣಪ್ಪ. ಅವಳ ಮುಂದೆ ಅವಳ ಹೆಸರಲ್ಲೇ ಮೋಸ ಮಾಡಿ, ಆಮೇಲೆ ಅವರನ್ನ ಕಾಪಾಡು ಅಂತ ಯಾವ ಬಾಯಲ್ಲಿ ಕೇಳ್ಲಿ?"

ಹಾಗೆಂದು ಗಟ್ಟಿಯಾಗಿ ಹೇಳಿ ಬಂದವಳು, ಮನೆ ಮುಟ್ಟುವ ಹೊತ್ತಿಗೆ ಏಳು ಸಲ ನಿಂತು ಹಿಂದಕ್ಕೆ ನೋಡಿದ್ದಳು. ಸ್ವಲ್ಪ ನೀರು ತಾನೇ. ಪೂಜಾರಿಯ ಕೈ, ಒಂದು ದಿನ ಹೆಚ್ಚು ಹಾಕುತ್ತದೆ, ಒಂದು ದಿನ ಕಡಿಮೆ ಹಾಕುತ್ತದೆ. ಆ ರಾತ್ರಿ ಎಣಿಕೆ ಐವತ್ತೆಂಟಕ್ಕೆ ಹೋಗಿ ಬಂದಾಗ ಅವಳು ತನ್ನ ನಿಯತ್ತಿಗೆ ತಾನೇ ಶಾಪ ಹಾಕಿಕೊಂಡಳು.

ಅವರೆಕಾಯಿ ಕಾಲ ಬಂತು. ಒಂದು ಗುರುವಾರ ಹಿತಕಿದ ಬೇಳೆ ಸಾರಿನಲ್ಲಿ ಎರಡು ಮುದ್ದೆ ಇಳಿಸಿ ವೆಂಕಟರಾಯಪ್ಪ ನಡುಮನೆಯ ಚಾಪೆಯಲ್ಲಿ ಅಡ್ಡಾದ. ಕರೆಂಟು ಹೋಗಿ ಶೆಡ್ಡು ನಿಶ್ಶಬ್ದವಾಗಿತ್ತು. ಭಾಗ್ಯಮ್ಮ ಪಕ್ಕದಲ್ಲಿ ಕೂತು ಸಂಜೆಗೆ ಇನ್ನೊಂದಿಷ್ಟು ಕಾಳು ಹಿತುಕುತ್ತಿದ್ದಳು. ಗೊರಕೆ ಏರಿತು, ಏರಿ ನಿಂತಿತು. ಅವಳ ಬೆರಳು ಹಿತುಕುತ್ತಲೇ ಇತ್ತು, ಬಾಯಿ ಎಣಿಸತೊಡಗಿತು.

ನಲವತ್ತಕ್ಕೆ ಅವಳು ತಲೆ ಎತ್ತಿದಳು. ಐವತ್ತಕ್ಕೆ ಬೋಗುಣಿ ಬದಿಗಿಟ್ಟಳು. ಅರವತ್ತು. ಅವನ ಹೊಟ್ಟೆ ಒಳಗೊಳಗೇ ಎಳೆಯುತ್ತಿತ್ತು, ಗಾಳಿ ಮಾತ್ರ ಹೋಗುತ್ತಿರಲಿಲ್ಲ. ತುಟಿ ನೇರಳೆಹಣ್ಣು ತಿಂದವರ ತುಟಿಯಂತೆ ಆಗುತ್ತಿತ್ತು. "ಏಳಿ" ಎಂದು ಭುಜ ಹಿಡಿದು ಅಲುಗಿಸಿದಳು. ಏಳಲಿಲ್ಲ. ಕೆನ್ನೆ ತಟ್ಟಿದಳು, ಆಮೇಲೆ ಹೊಡೆದಳು. ಮೂವತ್ತೆರಡು ವರ್ಷದಲ್ಲಿ ಅದೇ ಮೊದಲು. ಗಾಬರಿಗೆ ಎಣಿಕೆ ಓಡಿ ಓಡಿ ನೂರು ಮುಟ್ಟಿತು. ಮುಂದೆ ಏನೆಂದು ಅವಳು ಕಲಿತಿರಲಿಲ್ಲ. ಮತ್ತೆ ಒಂದರಿಂದ ಶುರುಮಾಡಿದಳು.

ಹೂ ಕೇಳಲು ಅಲ್ಲಿ ಹೂವಿಲ್ಲ, ಪೂಜಾರಿಯಿಲ್ಲ, ಮಂಗಳವಾರವೂ ಅಲ್ಲ. ಅಂಥ ಹೊತ್ತಿನಲ್ಲಿ ಹೆಂಗಸಿಗೆ ಉಳಿಯುವುದು ಹರಕೆ. "ತಾಯಿ ಕೋಡಮ್ಮ, ಇವರ ಉಸಿರು ಕೊಡು, ಇವರ..." ಎಂದು ಅಭ್ಯಾಸದಂತೆ ಅವನ ತಲೆಗೂದಲಿನ ಕಡೆ ನೋಡಿದಳು. ಎರಡು ಹೆರಿಗೆಗೆ, ಒಂದು ಟೈಫಾಯ್ಡಿಗೆ ಅವಳು ಅವನ ಮುಡಿಯನ್ನೇ ಹರಕೆ ಹೊತ್ತಿದ್ದಳು, ಮೂರು ಸಲವೂ ಅವನು ಹೋಗಿ ಬೋಳಿಸಿಕೊಂಡು ಬಂದಿದ್ದ. ಮೂರನೆಯ ಸಲ ಕೊಟ್ಟ ಕೂದಲು ಮತ್ತೆ ಬೆಳೆಯಲಿಲ್ಲ. ಈಗ ಅಲ್ಲಿ ಹರಕೆಗೆ ಒದಗುವಂಥದ್ದು ಏನೂ ಇರಲಿಲ್ಲ, ಬೆಳಕು ಬಿದ್ದು ಹೊಳೆಯುತ್ತಿತ್ತು. ಅವಳ ಕಣ್ಣು ದಿಕ್ಕೆಟ್ಟು ಮೇಲೆ ಹೋಯಿತು. ಬೀರುವಿನ ಮೇಲೆ ಕುಂಕುಮ ಹಚ್ಚಿದ ಪೆಟ್ಟಿಗೆ ಕೂತಿತ್ತು.

"ಇವರ ಮೂಗು ಕೊಡ್ತೀನಿ ತಾಯಿ. ನಲವತ್ತೆಂಟು ದಿನ, ತಪ್ಪದೆ, ಆ ಮಿಷನ್ ಹಾಕಿಸ್ತೀನಿ. ಉಸಿರು ಬಿಡಿಸು."

ಲಾರಿಯೊಂದು ಏರಿನಲ್ಲಿ ನಿಂತು ಮತ್ತೆ ಸ್ಟಾರ್ಟ್ ಆದಂಥ ಸದ್ದಿನೊಂದಿಗೆ ಉಸಿರು ಬಂತು. ಬೋಗುಣಿಯ ಸಿಪ್ಪೆ ಬಾಗಿಲವರೆಗೆ ಹಾರಿತು. ವೆಂಕಟರಾಯಪ್ಪ ಕಣ್ಣು ಬಿಟ್ಟು, ಕೆನ್ನೆ ಸವರಿಕೊಂಡು, "ಯಾಕೆ ಉರೀತೈತೆ?" ಎಂದ.

ಭಾಗ್ಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಅತ್ತು ಮುಗಿಸಿ ಹರಕೆಯ ವಿಷಯ ಹೇಳಿದಳು. ಅವನು ಅಳುವಿಗೆ ಕರಗಿದ್ದವನು ಹರಕೆಗೆ ಎದ್ದು ಕೂತ.

"ಹೂ ಕೇಳಿದ್ದಕ್ಕೆ ಅಮ್ಮ ಇನ್ನೂ ಏನೂ ಹೇಳಿಲ್ಲ. ನಡುವೆ ನೀನ್ಯಾಕೇ ಹೊತ್ತೆ?"

"ಹೊತ್ತಾಯ್ತು. ಅವಳು ಕೊಟ್ಟಾಯ್ತು."

"ನನ್ನ ಮೂಗು ಕಣೇ ಅದು. ನನ್ನ ಮೈ ಮೇಲೆ ಇರೋದು. ನೀನು ಹೆಂಗೆ ಬರೆದುಕೊಡ್ತೀಯಾ?"

ನ್ಯಾಯ ಜವರಪ್ಪನ ಹತ್ತಿರ ಹೋಯಿತು. ದೇವಸ್ಥಾನದ ಜಗಲಿಯಲ್ಲಿ ಅವನು ಇಬ್ಬರ ಮಾತನ್ನೂ ಕೇಳಿ, ಎಲೆಅಡಿಕೆ ಹಾಕಿಕೊಂಡು, ಬಹಳ ಹೊತ್ತು ಅಗಿದ.

"ರಾಯಪ್ಪಣ್ಣ, ಹೂ ಅಂದ್ರೆ ಅವಳ ಅಭಿಪ್ರಾಯ ಕೇಳೋದು. ಹರಕೆ ಅಂದ್ರೆ ಕೊಟ್ಟ ಮಾತು. ಅಭಿಪ್ರಾಯ ಇವತ್ತಲ್ಲ ನಾಳೆ ಬರುತ್ತೆ. ಮಾತು ಕೊಟ್ಮೇಲೆ ನಡೆಸಲೇಬೇಕು."

"ಮಾತು ಕೊಟ್ಟೋಳು ಇವಳು. ನಡೆಸೋನು ನಾನಾ?"

"ತಲೆ ಬೋಳಿಸ್ಕೊಂಡಾಗ ಕೇಳ್ಲಿಲ್ವಲ್ಲ ಈ ಪ್ರಶ್ನೆನ. ಆ ತಲೆ ಯಾರ್ದು?"

"ಅದು ಕೂದ್ಲು. ಬೆಳೀತದೆ ಅಂದ್ಕೊಂಡಿದ್ದೆ."

"ಮೂಗು ಎಲ್ಲೂ ಹೋಗಲ್ಲ, ನಲವತ್ತೆಂಟು ದಿನ ಆದ್ಮೇಲೂ ಅಲ್ಲೇ ಇರ್ತದೆ" ಎಂದ ಜವರಪ್ಪ. ಆಮೇಲೆ ಉಗುಳಿ ಬಂದು, ಸ್ವಲ್ಪ ಗಂಭೀರವಾಗಿ ಹೇಳಿದ. "ನೋಡಣ್ಣ, ಅಮ್ಮ ಉಸಿರು ಕೊಟ್ಟವ್ಳೆ. ನೀನು ನಿನ್ನ ಪಾಲು ಕೊಡ್ದೆ ಇದ್ರೆ ಅವಳ ಪಾಲು ಅವಳು ವಾಪಸ್ ಕೇಳ್ತಾಳೆ. ಆಮೇಲೆ ನನ್ನ ಹತ್ರ ಬರಬೇಡ. ಬರೋಕೂ ಆಗಲ್ಲ."

ವೆಂಕಟರಾಯಪ್ಪ ಮನೆಗೆ ಬಂದು ತಲೆಗೆ ಸ್ನಾನ ಮಾಡಿದ. ಮಡಿ ಪಂಚೆ ಉಟ್ಟ. ಬೀರುವಿನ ಮೇಲಿಂದ ಪೆಟ್ಟಿಗೆ ಇಳಿಸಿ, ಮತ್ತೊಮ್ಮೆ ಕರ್ಪೂರ ಬೆಳಗಿ, ಕಾಯಿ ಒಡೆದು, ದೇವಸ್ಥಾನದ ದಿಕ್ಕಿಗೆ ಕೈಮುಗಿದು, ಗಲ್ಲಿಗೇರಲು ಹೊರಟವನ ಮುಖಮಾಡಿಕೊಂಡು ಚಾಪೆಯ ಮೇಲೆ ಮಲಗಿದ. ಕೀರ್ತನ ಪಟ್ಟಿ ಬಿಗಿದು ಗುಂಡಿ ಒತ್ತಿದಳು. ಗಾಳಿ ಬಂತು.

ಗೊರಕೆ ಬರಲಿಲ್ಲ.

ಆ ರಾ‍ತ್ರಿ ಕೋಡಿಪುರದಲ್ಲಿ ಯಾರಿಗೂ ನಿದ್ದೆ ಹತ್ತಲಿಲ್ಲವೆಂದು ಹೇಳುತ್ತಾರೆ. ನಾಯಿಗಳು ಏನೋ ಆಗಿದೆಯೆಂದು ಬಂದು ಅಂಗಳದಲ್ಲಿ ಸಾಲಾಗಿ ಕೂತಿದ್ದವು. ವೆಂಕಟರಾಯಪ್ಪ ಮಾತ್ರ ಮಾರನೆಯ ದಿನ ಹನ್ನೊಂದೂವರೆಗೆ ಎದ್ದ. ಎದ್ದು ಬಾಗಿಲಲ್ಲಿ ನಿಂತು ಊರನ್ನು ಹೊಸದಾಗಿ ಬಂದವನ ಹಾಗೆ ನೋಡಿದ. ಎದುರುಮನೆಗೆ ಮಹಡಿ ಕಟ್ಟಿದ್ದು ಯಾವಾಗ ಎಂದು ಕೇಳಿದ. ಕಟ್ಟಿ ಆರು ವರ್ಷವಾಗಿತ್ತು. ಶೆಡ್ಡಿನಲ್ಲಿ ಒಂದೂ ಎಳೆ ಕಡಿದು ನಿಲ್ಲದಂತೆ ನೋಡಿಕೊಂಡ. ಸಾರಿಗೆ ಉಪ್ಪು ಹೆಚ್ಚೆಂದು ಹತ್ತು ವರ್ಷದಲ್ಲಿ ಮೊದಲ ಸಲ ಹೇಳಿದ. ಎಂಟನೆಯ ದಿನ, ಬಟ್ಟೆ ಒಣಹಾಕುತ್ತಿದ್ದ ಭಾಗ್ಯಮ್ಮನನ್ನು ಬಿಸಿಲಲ್ಲಿ ನೋಡುತ್ತಾ ನಿಂತ.

"ನಿನ್ನ ತಲೆಗೂದ್ಲು ಯಾವಾಗ ಬೆಳ್ಳಗಾಯ್ತೇ?"

"ನೀವು ಮಲಗಿದ್ದಾಗ" ಎಂದಳು ಅವಳು.

ಮೂವತ್ತು ದಿನ ಕಳೆಯಿತು. ವೆಂಕಟರಾಯಪ್ಪ ಯಂತ್ರವನ್ನು ಒಂದು ದಿನವೂ ಹೊಗಳಲಿಲ್ಲ. ಕುಕ್ಕೆ ಎಂದೇ ಕರೆದ. ಕೇಳಿದವರಿಗೆಲ್ಲ, "ಹರಕೆ ಕಣಪ್ಪ, ಏನ್ಮಾಡೋದು, ಹೆಂಗಸರು ಹೊತ್ಬಿಡ್ತಾರೆ" ಎಂದು ನಿಟ್ಟುಸಿರು ಬಿಡುತ್ತಿದ್ದ. ಭಾಗ್ಯಮ್ಮನಿಗೆ ಹೊಸ ಚಿಂತೆ ಹತ್ತಿಕೊಂಡಿತು. ಗಾಬರಿಯಲ್ಲಿ ನಲವತ್ತೆಂಟು ಎಂದುಬಿಟ್ಟಿದ್ದಳು. ಜೀವ ಇರುವವರೆಗೆ ಎಂದಿದ್ದರೆ ಆಗುತ್ತಿತ್ತು, ಬಾಯಿಗೆ ಬರಲಿಲ್ಲ. ನಲವತ್ತೊಂಬತ್ತನೆಯ ದಿನ ಇವನು ಕಾಯಿ ಒಡೆದು, ಹರಕೆ ತೀರಿತೆಂದು ಪೆಟ್ಟಿಗೆಯನ್ನು ಬೀರುವಿನ ಮೇಲಿಟ್ಟರೆ? ಇನ್ನೊಂದು ಹರಕೆ ಹೊರಬೇಕಾದರೆ ಇನ್ನೊಮ್ಮೆ ಉಸಿರು ನಿಲ್ಲಬೇಕು.

ಮೂವತ್ತೆಂಟನೆಯ ದಿನ ಹೊಸಕೋಟೆ ಕಡೆಯಿಂದ ಸುದ್ದಿ ಬಂತು. ದಾಯಾದಿಗಳಲ್ಲಿ ಒಬ್ಬರು ತೀರಿಕೊಂಡಿದ್ದರು. ವೆಂಕಟರಾಯಪ್ಪ ಮಣ್ಣಿಗೆ ಹೋಗಿ ಬಂದು, ಸ್ನಾನ ಮಾಡಿ, ಊಟಕ್ಕೆ ಕೂತು, ತಟ್ಟೆ ನೋಡುತ್ತಾ ಹೇಳಿದ. "ಸೂತಕ ಬಂತಲ್ಲ. ಹರಕೆ ಮುರೀತು."

ಭಾಗ್ಯಮ್ಮನ ಕೈಯಲ್ಲಿದ್ದ ಸೌಟು ನಿಂತಿತು.

"ಸೂತಕದಲ್ಲಿ ಮಾಡಿದ್ದು ಲೆಕ್ಕಕ್ಕೆ ಬರಲ್ಲ" ಎಂದು ಅವನು ಮುದ್ದೆ ಮುರಿದ. "ಹತ್ತು ದಿನ ಸುಮ್ನೆ ಹಾಕ್ಕೋಬೇಕು, ಅಭ್ಯಾಸ ತಪ್ಪಬಾರದು ಅಂತ. ಹನ್ನೊಂದನೇ ದಿನದಿಂದ ಮತ್ತೆ ಒಂದು ಅಂತ ಶುರು. ಪದ್ಧತಿ ಅಂದ್ಮೇಲೆ ಪದ್ಧತಿ."

ಅವಳು ಸಾರು ಹಾಕಿದಳು. ಉಪ್ಪು ಸರಿಯಿತ್ತು.

ಎರಡನೆಯ ಸಲ ಇಪ್ಪತ್ತೊಂಬತ್ತಕ್ಕೆ ಬಂದಾಗ ದೊಡ್ಡಬಳ್ಳಾಪುರದಲ್ಲಿ ಅವನ ಅಜ್ಜನ ತಮ್ಮನ ಮೊಮ್ಮಗನ ಮಾವ ಹೋದರು. ಅವರಿಗೂ ಇವರಿಗೂ ಸೂತಕ ಅಂಟಬೇಕಾದರೆ ಮೂರು ಕಡೆ ಗಂಟು ಹಾಕಬೇಕಿತ್ತು. ಹುರಿಯವನಿಗೆ ಗಂಟು ಹಾಕುವುದು ಕಷ್ಟವೇ? ಹಾಕಿದ. ಮೂರನೆಯ ಸಲ ಮಾತ್ರ ದಿನಗಳು ತಡೆಯಿಲ್ಲದೆ ಓಡಿದವು. ನಲವತ್ತಾಯಿತು, ನಲವತ್ತೈದಾಯಿತು. ಕೋಲಾರದಿಂದ ನೆಲಮಂಗಲದವರೆಗೆ ವೆಂಕಟರಾಯಪ್ಪನ ಬಳಗದವರು ಒಬ್ಬರಿಗೊಬ್ಬರು ಪಣ ತೊಟ್ಟವರಂತೆ ಆರೋಗ್ಯವಾಗಿದ್ದರು. ತೊಂಬತ್ತು ದಾಟಿದ ಇಬ್ಬರು ತಿರುಪತಿ ಬೆಟ್ಟ ಹತ್ತಿ ಬಂದರೆಂಬ ಸುದ್ದಿಯೂ ಬಂತು. ಅವನ ಮುಖ ದಿನದಿನಕ್ಕೆ ಇಳಿಯಿತು. ಬಾಯಿಬಿಟ್ಟು "ನನಗೆ ಮಿಷನ್ನು ಬೇಕು" ಎನ್ನುವ ಹಾಗಿಲ್ಲ, ಅಮ್ಮನ ಅಪ್ಪಣೆ ಇನ್ನೂ ಆಗಿಲ್ಲ. ಹೋಗಿ ಕೇಳೋಣವೆಂದರೆ ಎಡಗಡೆಯದು ಬಿದ್ದೀತೆಂಬ ಭಯ.

ನಲವತ್ತಾರನೆಯ ದಿನ ಭಾಗ್ಯಮ್ಮ ಎಲೆಅಡಿಕೆ ಕಟ್ಟಿಕೊಂಡು ಊರಾಚೆಯ ಮಾರಕ್ಕನ ಮನೆಗೆ ಹೋದಳು. ಮಾರಕ್ಕ ಬಳಗಕ್ಕೆಲ್ಲ ಹಿರಿಯಳು. ಯಾರು ಯಾರಿಗೆ ಏನಾಗಬೇಕು, ಯಾರು ಯಾವಾಗ ಸತ್ತರು ಎಂಬುದು ಅವಳಿಗೆ ಬಾಯಲ್ಲಿ. ಮಧ್ಯಾಹ್ನ ಹೋದವಳು ದೀಪ ಹಚ್ಚುವ ಹೊತ್ತಿಗೆ ಬಂದಳು.

ಮಾರನೆಯ ದಿನ ಊಟಕ್ಕೆ ಬಡಿಸುತ್ತಾ, ಗಾಳಿಗೆ ಹೇಳುವವಳಂತೆ ಹೇಳಿದಳು. "ಸೂಲಿಬೆಲೆ ದೊಡ್ಡಪ್ಪಯ್ಯ ಹೋಗ್ಬಿಟ್ರಂತೆ."

ವೆಂಕಟರಾಯಪ್ಪ ತಲೆ ಎತ್ತಿದ. ಮುಖದ ಮೇಲೆ ದುಃಖ ಬರುವ ಮೊದಲು ಬೇರೆ ಏನೋ ಬಂದು ಹೋಯಿತು. "ಅಯ್ಯೋ ಪಾಪ. ಯಾವಾಗಂತೆ?"

"ಹೋದ ವರ್ಷ ಯುಗಾದಿಗೆ ಮುಂಚೆ."

ಅವನು ತುತ್ತು ಕೆಳಗಿಟ್ಟು ಯೋಚಿಸಿದ. "ನಮ್ಗೆ ಯಾರೂ ತಿಳಿಸಲಿಲ್ಲ."

"ಇಲ್ಲ."

"ಕೇಳಿದ ದಿನದಿಂದ ಸೂತಕ ಕಣೇ. ಶಾಸ್ತ್ರ ಹಂಗೇ ಐತೆ."

"ಹಂಗೇ ಐತಂತೆ. ಮಾರಕ್ಕನೂ ಅಂದ್ಲು."

"ಮತ್ತೆ ಒಂದರಿಂದ ಶುರು ಮಾಡ್ಬೇಕು" ಎಂದು ಅವನು ಬಹಳ ಬೇಸರದಿಂದ ಹೇಳಿ, ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಅದಾಗಿ ಎರಡು ವರ್ಷವಾಯಿತು. ಆ ನಲವತ್ತೆಂಟು ದಿನ ಇನ್ನೂ ಮುಗಿದಿಲ್ಲ. ಸತ್ತು ಬಹಳ ಕಾಲವಾಗಿ, ಸುದ್ದಿ ವೆಂಕಟರಾಯಪ್ಪನನ್ನು ಇನ್ನೂ ಮುಟ್ಟದ ದಾಯಾದಿಗಳು ಭಾಗ್ಯಮ್ಮನ ಹತ್ತಿರ ಮತ್ತೂ ಹದಿನಾಲ್ಕು ಜನರಿದ್ದಾರೆ. ಅವರನ್ನು ಅವಳು ಜಾಡಿಯ ಉಪ್ಪಿನಕಾಯಿಯಂತೆ ಜೋಪಾನವಾಗಿ ಇಟ್ಟುಕೊಂಡು, ಬೇಕಾದಾಗ ಒಬ್ಬೊಬ್ಬರನ್ನೇ ಹೊರಗೆ ತೆಗೆಯುತ್ತಾಳೆ.